ಸುಡದೆ ಉಳಿದ ಮನೆ

ಅಥೆನ್ಸ್, ಕುಂಬಾರಕೇರಿ
ಮೇಮಾಕ್ತೆರಿಯೋನ್ ತಿಂಗಳು, ಹುಣ್ಣಿಮೆ ಕಳೆದ ನಾಲ್ಕನೆಯ ದಿನ

ಪ್ರೀತಿಯ ಭಾವ ತೆಲೆನೀಕನಿಗೆ ಎವ್ದಿಕನ ನಮಸ್ಕಾರಗಳು.

ನಿನ್ನ ಓಲೆ ತಲುಪಿ ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಮೂರು ಸಲ ಬರೆದು ಮೂರು ಸಲವೂ ಹರಿದುಹಾಕಿದೆ. ನೀವು ಸುತ್ತುಗಟ್ಟಿದ ಸೆಸ್ತೋಸ್ ಕೋಟೆಯೊಳಗೆ ಪಾರಸಿಕರು ಮಂಚದ ತೊಗಲಿನ ಪಟ್ಟಿಯನ್ನು ಬೇಯಿಸಿ ತಿನ್ನುತ್ತಿದ್ದಾರೆಂದು ಬರೆದಿದ್ದೀಯ. ತಿನ್ನಲಿ. ನಮ್ಮ ಊರನ್ನು ಎರಡು ಸಲ ಸುಟ್ಟವರಿಗೆ ತೊಗಲೂ ಹೆಚ್ಚೇ.

ನಿನ್ನ ತಂಗಿ ಮೆಲಿತ್ತ, ಮಕ್ಕಳು ಇನ್ನೂ ಕಡಲಾಚೆಯ ತ್ರೊಯ್ಜೆನ್‌ನಲ್ಲೇ ಇದ್ದಾರೆ. ಊರಿನ ಉಳಿದ ಹೆಂಗಸರೆಲ್ಲ ವಾಪಸು ಬಂದು ಬೂದಿಯ ಮೇಲೆ ಚಪ್ಪರ ಕಟ್ಟಿಕೊಂಡಿದ್ದಾರೆ. ಸೂರು ಗಟ್ಟಿಯಾಗಿರುವ ನಾನು ಮಾತ್ರ ಹೆಂಡತಿಯನ್ನು ಕರೆಸಿಕೊಂಡಿಲ್ಲ. ಆ ಸೂರೇ ನನಗೆ ಶನಿಯಾಗಿದೆ ಭಾವ. ಕೇರಿಯಲ್ಲಿ ನಿಂತಿರುವುದು ನಮ್ಮದೊಂದೇ ಮನೆ. ಒಂದು ಹೆಂಚೂ ಒಡೆದಿಲ್ಲ.

ಊರಿಗೆ ಮರಳಿದ ಮೊದಲ ದಿನ ನಾನು ಬಾಗಿಲಿಗೆ ಹಣೆ ಹಚ್ಚಿ ಅತ್ತೆ. ಬೆನ್ನ ಹಿಂದೆ ಪಕ್ಕದ ಮನೆಯ ಹಾಬ್ರೋನ ನಿಂತಿದ್ದ. ಪಕ್ಕದ ಮನೆ ಅನ್ನುವುದು ಅಭ್ಯಾಸಬಲ, ಅಲ್ಲಿ ಈಗ ಇರುವುದು ಕರಿ ಗೋಡೆ.

"ಏನಪ್ಪಾ ಎವ್ದಿಕ, ಬೆಂಕಿಗೂ ನಿನ್ನ ಕಂಡ್ರೆ ಮರ್ಯಾದೆ ಅನ್ಸತ್ತೆ?" ಅಂದ.

ನಕ್ಕುಬಿಟ್ಟೆ. ಅವನು ನಗಲಿಲ್ಲ.

ಆಮೇಲೆ ಶುರುವಾಯಿತು. ಊರಿಗೆ ಊರೇ ಸೂರಿಲ್ಲದೆ ಕೂತಿದೆ, ನಾನು ಹೆಂಚು ಸುಡುವವನು. ನನ್ನ ಗೂಡಿನ ಮುಂದೆ ಜಾತ್ರೆ ನೆರೆಯಬೇಕಿತ್ತು. ಒಬ್ಬರೂ ಬರಲಿಲ್ಲ. ಎರಡು ಹರಿದಾರಿ ನಡೆದು ಬೇರೆಯವನಿಂದ ತರುತ್ತಾರೆ. ನಮ್ಮ ಬಾವಿಗೆ ನೀರಿಗೆ ಬರುವ ಹೆಂಗಸರು ನಾನು ಹೊರಗೆ ಬಂದೊಡನೆ ಮಾತು ನುಂಗುತ್ತಾರೆ. ಕೋಟೆಗೋಡೆ ಕಟ್ಟಲು ಸಮಾಧಿಯ ಕಲ್ಲುಗಳನ್ನೂ ಬಿಡದೆ ಹೊರುತ್ತಿದ್ದೇವೆ. ಅಲ್ಲೂ ನನ್ನ ಜೊತೆ ಕಲ್ಲಿಗೆ ಕೈ ಹಚ್ಚುವವರಿಲ್ಲ. "ಹುಷಾರು, ಪಾರಸಿಕರ ಅಳಿಯ ಬಂದ," ಅಂತ ಯಾರೋ ಅಂದರು. ತಿರುಗಿ ನೋಡಿದರೆ ಎಲ್ಲರೂ ಬಗ್ಗಿ ಕೆಲಸ ಮಾಡುತ್ತಿದ್ದರು.

ಮೊದಲೇ ಹೇಳಬೇಕಾದ್ದನ್ನು ಈಗ ಹೇಳುತ್ತಿದ್ದೇನೆ, ಕ್ಷಮಿಸು. ಮಾವ ತೀರಿಕೊಂಡಿದ್ದಾರೆ. ಹಿತ್ತಲಲ್ಲಿ ಅವರ ಸಮಾಧಿ ಕಂಡೆ. ಒಪ್ಪವಾಗಿ ಮಣ್ಣು ಏರಿಸಿ, ಸುತ್ತ ನಮ್ಮದೇ ಹೆಂಚು ಜೋಡಿಸಿ, ತಲೆಯ ಕಡೆ ಅವರ ಊರುಗೋಲು ನೆಟ್ಟು, ಪಕ್ಕದಲ್ಲಿ ಎಣ್ಣೆಯ ಕುಡಿಕೆ ಇಟ್ಟಿದ್ದರು. ಯಾರು ಇಟ್ಟರು? ಊರಿನಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ನಿನಗೂ ನೆನಪಿದೆಯಲ್ಲ, ಪಾರಸಿಕರು ಬರುವ ಮುನ್ನ ಊರು ಬಿಡುವ ದಿನ ಬಂದರಿನಲ್ಲಿ ಎಲ್ಲರನ್ನೂ ದೋಣಿಗೆ ಹತ್ತಿಸುವಾಗ ಮಾವ "ಈಗ ಬಂದೆ, ನೀವು ಹತ್ತಿ," ಎಂದು ಹಿಂದಕ್ಕೆ ಹೋದವರು ಬರಲೇ ಇಲ್ಲ. ಏನು ಮರೆತಿದ್ದರು? ಯಾರಿಗಾಗಿ ಹೋದರು?

ನಿಜ ಹೇಳು ಭಾವ. ಮಾವ ವಯಸ್ಸಿನಲ್ಲಿ ಉಣ್ಣೆ ಮಾರಲು ಪಾರಸಿಕರ ಸಾರ್ದಿಸ್‌ಗೆ ಹೋಗುತ್ತಿದ್ದರಲ್ಲ, ಅಲ್ಲಿ ಅವರಿಗೆ ಅನ್ನ ಹಾಕಿದ ಮನೆಯೊಂದಿತ್ತಲ್ಲ. "ಅವರಲ್ಲೂ ಮನುಷ್ಯರಿದಾರೆ ಕಣ್ರೋ," ಎನ್ನುತ್ತಿದ್ದರು. ಆ ಮನೆಯವನು ಯಾರಾದರೂ ದಂಡಿನ ಜೊತೆ ಬಂದಿದ್ದನೆ? ನಿನಗೆ ಗೊತ್ತಿದ್ದೂ ನನಗೆ ಹೇಳಲಿಲ್ಲವೆ? ಹೀಗೆ ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಸಂಶಯ ಅಂಟುರೋಗ. ಕೇರಿಯವರಿಂದ ನನಗೆ ಹತ್ತಿತು.

ಹೋದ ವಾರ ಕೇರಿಯ ಸಭೆ ಕರೆದರು. ಹಾಬ್ರೋನನೇ ಎದ್ದು ನಿಂತ.

"ನಮ್ಮಪ್ಪನ ಗೋರೀನ ಅಗೆದು ಎಲುಬು ಬಿಸಾಕಿದಾರೆ. ಇವನ ಮಾವಂಗೆ ಎಣ್ಣೆ ಇಟ್ಟು ಮಣ್ಣು ಮಾಡಿದಾರೆ! ಮನೆ ಕಾದ್ಕೊಟ್ಟಿದಾರೆ! ಯಾಕಂತ ಹೇಳ್ಲಿ. ಊರ್ನ ಮುದುಕ ಮಾರ್ಕೊಂಡ್ನೋ, ಇವನೇ ಮಾರ್ಕೊಂಡ್ನೋ?"

ಈ ಬೇಸಿಗೆಯಲ್ಲಿ, ನಾವೆಲ್ಲ ಊರು ಬಿಟ್ಟು ದ್ವೀಪ ಸೇರಿದ್ದಾಗ, ಸಲಾಮಿಸ್‌ನಲ್ಲಿ ನಡೆದದ್ದು ನಿನಗೆ ಗೊತ್ತು. ಪಾರಸಿಕರ ಮಾತನ್ನು ಒಮ್ಮೆ ಕೇಳಿ ನೋಡೋಣ ಎಂದಷ್ಟೇ ಅಂದ ಆ ಸಭಾಸದನನ್ನು ಅಲ್ಲೇ ಕಲ್ಲು ಹೊಡೆದು ಕೊಂದರು. ಸುದ್ದಿ ಕೇಳಿ ಹೆಂಗಸರು ತಾವೇ ಅವನ ಬಿಡಾರಕ್ಕೆ ನುಗ್ಗಿ ಹೆಂಡತಿ ಮಕ್ಕಳನ್ನೂ ಕೊಂದರು. ನೀನು ಅಂದು ಕಲ್ಲು ಎತ್ತಲಿಲ್ಲ. ನಾನು ಎತ್ತಿದೆ. ಅದಕ್ಕೇ ಸಭೆಯಲ್ಲಿ ಯಾರ ಕೈ ಎಲ್ಲಿದೆ ಎಂದು ನನಗೆ ಚೆನ್ನಾಗಿ ಕಾಣುತ್ತಿತ್ತು. ನನ್ನ ಕಣ್ಣ ಮುಂದೆ ಮೆಲಿತ್ತ ಬಂದಳು, ಚಿಕ್ಕವಳು ಬಂದಳು. ಹೆದರಿದೆ ಭಾವ.

ಉತ್ತರ ಹೇಳಿದೆ. ಸಭೆ ಒಪ್ಪಿತು. ಮರುದಿನ ಹಾಬ್ರೋನನೇ ಬಂದು ಇನ್ನೂರು ಹೆಂಚು ಬೇಕು ಎಂದ. "ಮನಸ್ಸಿಗೆ ಹಚ್ಕೋಬೇಡ ಮಾರಾಯ, ಕಾಲ ಹಂಗಿದೆ," ಅಂದ. ಮಿಕ್ಕದ್ದನ್ನು ನೀನು ಬಂದಾಗ ಎದುರಿಗೆ ಕೂತು ಹೇಳುತ್ತೇನೆ.

ಮೆಲಿತ್ತಳಿಗೆ ಹೊರಟು ಬಾ ಎಂದು ಹೇಳಿಕಳಿಸಿದ್ದೇನೆ. ಚಳಿ ಜೋರಿರುತ್ತದೆ, ಎದೆ ಬೆಚ್ಚಗಿಟ್ಟುಕೋ. ಗೋಡೆ ಹತ್ತಲು ಮೊದಲಿಗನಾಗಬೇಡ. ಅಥೇನಾ ನಿನ್ನನ್ನು ಕಾಯಲಿ, ಕಡಲು ನಿನ್ನನ್ನು ಮೆಲ್ಲಗೆ ಮನೆ ಮುಟ್ಟಿಸಲಿ.

ನಿನ್ನ ಜೊತೆ ಒಂದೇ ಹಲಗೆಯ ಮೇಲೆ ಕೂತು ಹುಟ್ಟು ಹಾಕಿದ
ಎವ್ದಿಕ

ತಾ.ಕ.: ನಿನ್ನೆ ಓಲೆಗೆ ಮುದ್ರೆ ಒತ್ತುವಷ್ಟರಲ್ಲಿ ಥ್ರಾತ್ತ ಬಂದಳು. ನಮ್ಮ ಮನೆಯ ಮುದಿ ಆಳು. ದೋಣಿಯಲ್ಲಿ ಜಾಗವಿಲ್ಲ ಎಂದು ನಾನೇ ಬಿಟ್ಟುಹೋಗಿದ್ದವಳು. ಒಂದು ವರ್ಷ ಇದ್ದಿಲು ಸುಡುವವರ ಗುಡ್ಡದಲ್ಲಿ ಅವಿತಿದ್ದಳಂತೆ. ಸತ್ತಿದ್ದಾಳೆ ಎಂದುಕೊಂಡಿದ್ದೆ.

"ನನ್ನ ಕರ್ಕೊಂಡೋಗೋಕೆ ಬಂದ್ರು ಒಡೆಯರು," ಅಂದಳು. "'ಏಳೇ ಮುದುಕಿ, ದೋಣಿ ಹೊರಡತ್ತೆ' ಅಂತ ಏದುಸಿರು ಬಿಡ್ತಾ ಬಂದ್ರು. ಬಾವಿ ಹತ್ರ ಎದೆ ಹಿಡ್ಕೊಂಡು ಕೂತೋರು ಏಳ್ಲೇ ಇಲ್ಲ. ನಾನೇ ಗುಂಡಿ ತೋಡ್ದೆ. ಪಾರಸಿಕರು ಊರೊಳಗೆ ಬಂದಿದ್ದು ಆಮೇಲೆ."

ಮನೆ ಏಕೆ ಉಳಿಯಿತು ಎಂದೆ. "ಯಾವನೋ ದೊಡ್ಡೋನು ಇಳ್ಕೊಂಡಿದ್ದ. ನೀರು ಸಿಹಿ ಅಲ್ವಾ," ಅಂದಳು. ಆಚೆ ಕೇರಿಯಲ್ಲೂ ನಾಲ್ಕು ಮನೆ ಹೀಗೇ ಉಳಿದಿವೆ. ಎಲ್ಲದರಲ್ಲೂ ಅವರ ದೊರೆಗಳು ಇಳಿದಿದ್ದರಂತೆ.

ಭಾವ, ಸಭೆಯಲ್ಲಿ ನಾನು ಹೇಳಿದ ಉತ್ತರ "ಮಾವ" ಎಂದು. ಊರು ಮಾರಿದವನಿಗೆ ಈ ನೆಲದಲ್ಲಿ ಮಣ್ಣಿಲ್ಲ, ಕಟ್ಟಳೆ ನಿನಗೂ ಗೊತ್ತು. ನನ್ನ ಮೇಲೆ ಗುಮಾನಿ ಉಳಿಯದಿರಲೆಂದು ಗುದ್ದಲಿ ನಾನೇ ಹಿಡಿದೆ. ನಿನ್ನ ಅಪ್ಪನ ಎಲುಬನ್ನು ಗೋಣಿಗೆ ತುಂಬಿ ಗಡಿಯಾಚೆ ಚೆಲ್ಲಿಬಂದೆ. ನಿನ್ನೆ ಓಡಿಹೋಗಿ ಹುಡುಕಿದೆ, ಏನೂ ಸಿಗಲಿಲ್ಲ.

ಥ್ರಾತ್ತ ಹಿತ್ತಲಿಗೆ ಹೋಗಿ ಅಗೆದ ಗುಂಡಿಯ ಮುಂದೆ ಕೂತುಬಿಟ್ಟಳು. "ಯಾವ ಪಾಪಿಗಳು ಮಾಡಿದ್ದು ಇದು?" ಎಂದು ಕೇಳಿದಳು.

"ಪಾರಸಿಕರು," ಎಂದೆ. ಅವಳು ನಂಬಿದಳು.