ಒಂದು ಮನೆಗೆ ಒಂದೇ ಒಲೆ

ಮಾರ್ಚ್ 4, ಮಂಗಳವಾರ

ಅಧ್ಯಾಯ ಎರಡು, ವ್ಯಾಖ್ಯೆಗಳು. ‘ಅಟ್ಟ’ ಮುಗಿಯಿತು. ‘ಆವರಣ ಗೋಡೆ’ ಮುಗಿಯಿತು. ‘ಎತ್ತರ’ದಲ್ಲಿ ಸಿಕ್ಕಿಕೊಂಡಿದ್ದೇವೆ. ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ಕಟ್ಟಡದ ಎತ್ತರಕ್ಕೆ ಸೇರಿಸಬೇಕೋ ಬೇಡವೋ. ಊಟದ ಹೊತ್ತಿಗೆ ಬೇಡ ಅಂತ ಆಯಿತು. ಊಟ ಮಾಡಿ ಬಂದ ಮೇಲೆ ಬೇಕು ಅಂತ ಆಯಿತು.

ನಗರದ ಹೊಸ ವಲಯ ನಿಯಮಗಳ ಕರಡು ಇದು. ಪರಿಶೀಲನೆಗೆ ಮೂರು ಜನ: ನಾನು, ನಮ್ಮ ಮುಖ್ಯಸ್ಥರಾದ ದೊಡ್ಡವರು, ಪಕ್ಕದ ಮೇಜಿನ ಅಲ್ಪವಿರಾಮ. ಆತನಿಗೆ ಆ ಹೆಸರು ಇಟ್ಟವಳು ನಾನೇ. ಯಾವ ಕಡತ ಕೊಟ್ಟರೂ ಒಂದು ಅಲ್ಪವಿರಾಮ ಸೇರಿಸದೆ ಸಹಿ ಹಾಕುವುದಿಲ್ಲ. ಆಗ ನಾನು ಇಂಥ ತಮಾಷೆ ಮಾಡುತ್ತಿದ್ದೆ.

ಮನೆಗೆ ಬಂದು ಬ್ರೆಡ್ ತಿಂದೆ, ನಿಂತೇ. ಮೇಲೆ ಅತ್ತೆ ಏನೋ ಹುರಿಯುತ್ತಿದ್ದರು. ಒಳ್ಳೆಯ ವಾಸನೆ. ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತೇನೋ.

ಮಾರ್ಚ್ 6, ಗುರುವಾರ

2.17, ‘ವಾಸದ ಘಟಕ’. ಮಲಗಲು, ಸ್ನಾನಕ್ಕೆ, ಅಡುಗೆಗೆ ಸೌಕರ್ಯವಿರುವ ಕೋಣೆಗಳ ಗುಂಪು. ಪ್ರತಿ ಅಡುಗೆಕೋಣೆಯನ್ನೂ ಒಂದು ಪ್ರತ್ಯೇಕ ಘಟಕವೆಂದು ಎಣಿಸತಕ್ಕದ್ದು. ಇಕ್ಕಟ್ಟು ಬೀದಿಗಳ ವಲಯದಲ್ಲಿ ಒಂದು ನಿವೇಶನಕ್ಕೆ ಒಂದೇ ಘಟಕ. ಕಾರಣ ಸರಿಯಾಗಿಯೇ ಇದೆ—ಜನ ಮಹಡಿಯಲ್ಲೊಂದು ಅಡುಗೆಕೋಣೆ ಎಬ್ಬಿಸಿ ಬಾಡಿಗೆಗೆ ಬಿಡುತ್ತಾರೆ, ಚರಂಡಿ ತಡೆಯುವುದಿಲ್ಲ.

ದೊಡ್ಡವರದ್ದು ಒಂದು ಪಾಠ. ವ್ಯಾಖ್ಯೆ ಸರಿಯೋ ತಪ್ಪೋ ತಿಳಿಯಬೇಕಾದರೆ ಗೊತ್ತಿರುವ ಕಟ್ಟಡದ ಮೇಲೆ ಹಾಕಿ ನೋಡಬೇಕು. ಇಪ್ಪತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೇವೆ. ನನಗೆ ಗೊತ್ತಿರುವುದು ನಮ್ಮ ಮನೆ. ನಕ್ಷೆ ಬರೆದೆ. ಕೆಳಗೆ ಎರಡು ಕೋಣೆ, ಹೊರಗಿನಿಂದ ತಿರುಗುವ ಮೆಟ್ಟಿಲು, ಮೇಲೆ ಒಂದು ಕೋಣೆ, ಮೂಲೆಯಲ್ಲಿ ಅತ್ತೆಯ ಒಲೆ. ‘ಪರೀಕ್ಷೆ 4’ ಅಂತ ಬರೆದು ಕಡತಕ್ಕೆ ಹಾಕಿದೆ.

ಫಲಿತಾಂಶ: ಎರಡು ಘಟಕ. ನಿಯಮಬಾಹಿರ.

ವ್ಯಾಖ್ಯೆ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಟಿಪ್ಪಣಿ ಬರೆದೆ.

ಮಾರ್ಚ್ 7, ಶುಕ್ರವಾರ

ಮೇಲಿನ ಅಡುಗೆಕೋಣೆ ಕಟ್ಟಿಸಿದ್ದು ಇವರು. ನಾನೂ ಅತ್ತೆಯೂ ಒಂದೇ ಒಲೆಯ ಮುಂದೆ ನಿಂತರೆ ಬೆಂಕಿಕಡ್ಡಿ ಬೇಡ ಅನ್ನುತ್ತಿದ್ದರು. ಜಗಳ ಶುರುವಾದದ್ದು ಉಪ್ಪಿಗೆ. ಮುಂದೆ ಯಾತಕ್ಕೆ ಬೇಕಾದರೂ ಆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಮಹಡಿ ಎಬ್ಬಿಸಿದರು. ಮೇಲೆ ಅರ್ಧ ಹೊಟ್ಟೆ, ಕೆಳಗೆ ಅರ್ಧ ಹೊಟ್ಟೆ ಉಣ್ಣುತ್ತಿದ್ದರು. ಎರಡು ಕಡೆಯೂ ಹೊಗಳುತ್ತಿದ್ದರು, ಕಳ್ಳ.

ಹೋದ ಜುಲೈನಲ್ಲಿ ಹೋದರು. ಆಫೀಸಿನ ಕುರ್ಚಿಯಲ್ಲಿ, ಕೂತ ಹಾಗೇ. ನಮ್ಮಿಬ್ಬರ ಮಾತನ್ನು ಮೇಲೆ ಕೆಳಗೆ ಒಯ್ಯುವವರು ಇಲ್ಲವಾದರು, ಮಾತೂ ನಿಂತಿತು. ಜಗಳವೂ ಇಲ್ಲ. ಜಗಳಕ್ಕೂ ಒಂದಿಷ್ಟು ಜೀವ ಬೇಕು.

ಮಾರ್ಚ್ 19, ಬುಧವಾರ

ಕರಡು ಅಚ್ಚಾಗಿ ಬಂತು. ಸಾರ್ವಜನಿಕರಿಗೆ ಅರ್ಥವಾಗಲಿ ಅಂತ ಚಿತ್ರಗಳನ್ನು ಹಾಕಿದ್ದಾರೆ. ಪುಟ ತಿರುಗಿಸಿದೆ. ಚಿತ್ರ 4: ‘ಅನುಮತಿ ಇಲ್ಲದ ಕಟ್ಟಡಕ್ಕೆ ಉದಾಹರಣೆ’. ನಮ್ಮ ಮನೆ.

“ಪರೀಕ್ಷೆ ಹಾಳೆಗಳನ್ನೇ ಎತ್ತಿ ಹಾಕಿದೆ,” ಅಂದ ಅಲ್ಪವಿರಾಮ. “ನಿಮ್ಮ ನಾಲ್ಕನೇದು ಎಷ್ಟು ನೀಟಾಗಿತ್ತು ಅಂದ್ರೆ, ಅಳತೆ ಸಮೇತ! ಯಾರ ಮನೆ ಅದು?”

“ಯಾರದ್ದೋ,” ಅಂದೆ.

ತಾನು ತೋಡಿದ ಗುಂಡಿ. ಅದೂ ಅಳತೆ ಸಮೇತ.

ಏಪ್ರಿಲ್ 10, ಗುರುವಾರ

ಇವತ್ತು ಆಕ್ಷೇಪಣೆ ಸಭೆ. ದೊಡ್ಡ ಸಭಾಂಗಣ, ಫ್ಯಾನ್ ಸದ್ದು, ಹಿಂದಿನ ಸಾಲಿನಲ್ಲಿ ಗೊರಕೆ. ಹೇಳಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ಅಂಗಡಿಯವನು ಬೋರ್ಡಿನ ಬಗ್ಗೆ. ಶಾಲೆಯವರು ಆಟದ ಮೈದಾನದ ಬಗ್ಗೆ. ಮುಂದಿನವರು ಬನ್ನಿ ಅಂದರು ದೊಡ್ಡವರು.

ಅತ್ತೆ ಬಂದರು.

ನನ್ನನ್ನು ನೋಡಿದರು, ನೋಡದವರಂತೆ ಮೈಕಿನ ಮುಂದೆ ನಿಂತರು. ಪರದೆಯ ಮೇಲೆ ಚಿತ್ರ 4.

“ಇದು ನಮ್ಮನೆ,” ಅಂದರು. “ಪೇಪರಲ್ಲಿ ನೋಡ್ದೆ. ಇಂಥ ವಕ್ರ ಮೆಟ್ಟಿಲು ಊರಲ್ಲಿ ಇನ್ನೊಂದಿಲ್ಲ. ನನ್ನ ಮಗ ಕಟ್ಸಿದ್ದು. ಅವನಿಗೆ ಲೆಕ್ಕ ಬರ್ತಿರ್ಲಿಲ್ಲ.”

ಯಾರೋ ನಕ್ಕರು.

“ಬಾಡಿಗೆಗೆ ಬಿಟ್ಟಿದೀರಾ ಅಮ್ಮ?” ದೊಡ್ಡವರು ಕೇಳಿದರು.

“ನಾನೇ ಇದೀನಲ್ಲಪ್ಪಾ ಅಲ್ಲಿ. ಕೆಳಗೆ ಸೊಸೆ. ಒಲೆ ತೆಗೀರಿ ಅಂದ್ರೆ ನಾನು ಮಗಳ ಮನೆಗೆ ಹೋಗ್ಬೇಕಾಗುತ್ತೆ. ಅವಳು ಕರೀತಾನೇ ಇದಾಳೆ. ನನಗೆ ಇಷ್ಟ ಇಲ್ಲ.”

“ಕೆಳಗೇ ಊಟ ಮಾಡಬಹುದಲ್ಲ? ಒಂದೇ ಮನೆಯವರು.”

“ಕರೆದಿಲ್ಲ.”

ನನ್ನ ಬೆರಳು ಟೈಪ್ ಮಾಡುತ್ತಲೇ ಇತ್ತು: ಕೆಳಗಿನ ಮನೆಯಿಂದ ಆಹ್ವಾನ ಬಂದಿಲ್ಲವೆಂದು ಆಕ್ಷೇಪಣೆದಾರರು ತಿಳಿಸಿದರು.

“ಕರೆಯೋಕೆ ಅವಳಾದ್ರೂ ಉಂಡ್ರೆ ತಾನೇ?” ಅಂದರು ಅತ್ತೆ. “ಕೆಳಗಿಂದ ಒಂದು ಪಾತ್ರೆ ಸದ್ದು ಕೇಳಿ ಎಷ್ಟು ತಿಂಗಳಾಯ್ತೋ. ನಾನು ಮೇಲೆ ಒಬ್ಳಿಗೆ ಅಂತ ಇಡ್ತೀನಿ, ಇಬ್ರಿಗಾಗುತ್ತೆ. ದಿನಾ ಉಳಿಯುತ್ತೆ, ದಿನಾ ಚೆಲ್ತೀನಿ. ಅದನ್ನೂ ಬರ್ಕೊಳ್ಳಿ.”

ಬರೆದುಕೊಂಡೆ.

ಏಪ್ರಿಲ್ 11, ಶುಕ್ರವಾರ

ದೊಡ್ಡವರು ಒಳಗೆ ಕರೆದರು. ಬಾಗಿಲು ಹಾಕಿದರು.

“ಆ ಸೊಸೆ ನೀವೇನಾ?”

“ಹೌದು ಸರ್.”

“ಮೊದಲೇ ಹೇಳಬಾರದಿತ್ತೇನ್ರೀ? ಈಗ ವ್ಯಾಖ್ಯೆ ಬದಲಾಯಿಸಿದ್ರೆ ನಿಮಗೋಸ್ಕರ ಮಾಡಿದ್ವಿ ಅಂತಾರೆ. ಬದಲಾಯಿಸದೇ ಇದ್ರೆ ನಿಮ್ಮ ಅತ್ತೆ...”

ಅತ್ತ ದರಿ, ಇತ್ತ ಪುಲಿ. ದರಿಯೂ ನಾನೇ ಬರೆದದ್ದು. ಅಧ್ಯಾಯ ಎರಡನ್ನು ಅಲ್ಪವಿರಾಮನಿಗೆ ಕೊಟ್ಟರು. ನನಗೆ ವಾಹನ ನಿಲುಗಡೆ. ಸರಿ ಸರ್ ಅಂದೆ. ಬೇರೇನಾದರೂ ಹೇಳಬಹುದಿತ್ತು.

ಸಂಜೆ ಮೆಟ್ಟಿಲ ಬುಡದಲ್ಲಿ ಸ್ವಲ್ಪ ಹೊತ್ತು ನಿಂತೆ. ಒಳಗೆ ಹೋದೆ. ಬ್ರೆಡ್.

ಮೇ 26, ಸೋಮವಾರ

ನಿಯಮ ಜಾರಿಗೆ ಬಂತು. 2.17 ಹಾಗೇ ಉಳಿಯಿತು. ಆಕ್ಷೇಪಣೆ ತಿರಸ್ಕೃತ: ಒಂದು ಮನೆಗಾಗಿ ವ್ಯಾಖ್ಯೆ ಬದಲಿಸಲಾಗದು. ಅಲ್ಪವಿರಾಮ ಒಂದು ಅಲ್ಪವಿರಾಮ ಸೇರಿಸಿದ್ದಾನೆ, ಅಷ್ಟೆ. ನನ್ನ ಮೇಜಿಗೆ ಬಂದು ನಿಂತ. “ಕ್ಷಮಿಸಿ,” ಅಂದ. ಪಾಪ, ಕಣ್ಣು ಒದ್ದೆ. ನನ್ನದು ಒಣಗಿಯೇ ಇತ್ತು. ಅವನಿಗೆ ನಾನೇ ಚಹಾ ತರಿಸಿದೆ.

ಎರಡು ಅಡುಗೆಕೋಣೆ ಇರುವವರು ವರ್ಷದೊಳಗೆ ಒಂದನ್ನು ಮುಚ್ಚಬೇಕು.

ಜೂನ್ 12, ಗುರುವಾರ

ನಾದಿನಿ ಫೋನ್ ಮಾಡಿದಳು.

“ಅತ್ತಿಗೆ, ಭಾನುವಾರ ಗಾಡಿ ತರ್ತೀನಿ. ಅಮ್ಮ ಒಪ್ಪಿದಾಳೆ. ಒಪ್ಪಿದಾಳೆ ಅಂದ್ರೆ... ಬೇಡ ಅನ್ನೋದು ನಿಲ್ಸಿದಾಳೆ. ನಿಮಗೂ ಹಗುರ ಆಗುತ್ತೆ ಅಲ್ವಾ?”

“ಹೂಂ,” ಅಂದೆ.

ಮೇಲೆ ಪೆಟ್ಟಿಗೆ ಎಳೆಯುವ ಸದ್ದು. ತೆಗೆದು, ಇಟ್ಟು, ಮತ್ತೆ ತೆಗೆದು. ಅವರು ಹೋದರೆ ಈ ಮನೆಯಲ್ಲಿ ಇವರ ವಿಷಯ ಗೊತ್ತಿರುವವಳು ನಾನೊಬ್ಬಳೇ. ಕೂತು ಇದನ್ನೇ ಯೋಚಿಸಿದೆ. ಭಯವಾಯಿತು. ಭಯವೇ ಅದು, ಅನುಮಾನವಿಲ್ಲ.

ಜೂನ್ 13, ಶುಕ್ರವಾರ

ವಾಹನ ನಿಲುಗಡೆ ಬಿಟ್ಟು 2.17 ತೆಗೆದು ಓದಿದೆ. ಒಂದನ್ನು ಮುಚ್ಚಬೇಕು ಅಂತಿದೆ. ಯಾವುದನ್ನು ಅಂತ ಇಲ್ಲ. ನಾಳೆಗೆ ರಜೆ ಹಾಕಿದೆ.

ಜೂನ್ 14, ಶನಿವಾರ, ಸಂಜೆ

ಗ್ಯಾಸಿನವನು ಬಂದ. ಸೀದಾ ಮೆಟ್ಟಿಲು ಹತ್ತಲು ಹೊರಟ.

“ಅಲ್ಲಲ್ಲ, ಕೆಳಗಿಂದು ತೆಗೀಬೇಕು.”

“ಎಲ್ಲರೂ ಮೇಲಿಂದೇ ತೆಗೆಸ್ತಿದಾರೆ ಮೇಡಂ. ಕೆಳಗಿಂದೇ ತಾನೇ ಅಸಲಿ ಅಡುಗೆಮನೆ?”

“ಕೆಳಗಿಂದು.”

ಪೈಪು ಬಿಚ್ಚಿದ, ಮುಚ್ಚಳ ಹಾಕಿದ. ಒಲೆಯನ್ನು ಅಂಗಳಕ್ಕೆ ತಂದಿಟ್ಟೆವು. ಎತ್ತುವಾಗ ಅದರ ಕೆಳಗೆ ಇವರ ಒಂದು ಅಂಗಿ ಗುಂಡಿ ಸಿಕ್ಕಿತು. ಅಲ್ಲೇ ಕೂತು ಅತ್ತುಬಿಟ್ಟೆ. ಆತ ತಲೆ ತಗ್ಗಿಸಿಕೊಂಡು ಸ್ಪ್ಯಾನರ್ ಒರೆಸುತ್ತಾ ನಿಂತ. ಹೊತ್ತಾದ ಮೇಲೆ, “ಸಹಿ ಬೇಕಿತ್ತು ಮೇಡಂ,” ಅಂದ.

ಮೇಲೆ ಹೋದೆ. ಅತ್ತೆ ಪೆಟ್ಟಿಗೆಯ ಮೇಲೆ ಕೂತಿದ್ದರು.

“ಒಲೆ ತೆಗೆಸೋಕೆ ಬಂದ್ಯಾ? ನಾಳೆ ತನಕ ತಾಳೇ. ಹೋಗೋಳೇ ನಾನು.”

“ನನ್ನ ಒಲೆ ತೆಗೆಸ್ದೆ.”

ಬಗ್ಗಿ ಅಂಗಳಕ್ಕೆ ನೋಡಿದರು.

“ಹಾಗಾದ್ರೆ ಇನ್ಮೇಲೆ ಊಟಕ್ಕೆ?”

ಕರೆಯದೆ ಬಂದವಳು ನಾನು. ಇಳಿದು ಬಂದೆ.

ಕೂತು ಇದನ್ನು ಬರೆಯುತ್ತಿದ್ದೇನೆ. ಮೇಲೆ ಪಾತ್ರೆಗಳ ಸದ್ದು. ಫೋನಿನಲ್ಲಿ ಮಗಳ ಹತ್ತಿರ ಜೋರಾಗಿ ಮಾತಾಡುತ್ತಿದ್ದಾರೆ—ನನಗೆ ಕೇಳಲಿ ಅಂತಲೇ. “ಗಾಡಿ ಬೇಡ ಕಣೇ... ಹೂಂ, ಬೇಡ ಅಂದ್ನಲ್ಲ... ಇವಳಿಗೆ ಉಪ್ಪು ಹಾಕೋಕೇ ಬರಲ್ಲ, ಬಿಟ್ಟು ಹೇಗೆ ಬರ್ಲಿ?”

ಉಪ್ಪು ಜಾಸ್ತಿ ಹಾಕುತ್ತಿದ್ದದ್ದು ಅವರು. ಹೇಳುತ್ತೇನೆ. ಇವತ್ತೇ ಹೇಳುತ್ತೇನೆ.

ಹಸಿವಾಗುತ್ತಿದೆ. ಇವರು ಹೋದ ಮೇಲೆ ಹೊಟ್ಟೆ ಹೀಗೆ ಕೂಗಿರಲಿಲ್ಲ.

“ಬರ್ತೀಯೋ ಇಲ್ವೋ? ಆರಿ ಹೋಗ್ತಿದೆ!”

ತಟ್ಟೆ ಇಲ್ಲಿಂದ ಒಯ್ಯಬೇಕೋ, ಮೇಲೆ ಇನ್ನೊಂದು ಇದೆಯೋ, ಗೊತ್ತಿಲ್ಲ. ಒಯ್ದರೆ ಬೇರೆ ಮನೆಯವಳು ಅಂದುಕೊಂಡಾರು. ಬರಿಗೈಯಲ್ಲೇ ಹೋಗುತ್ತೇನೆ.