ಮಲಗಿಸಿಟ್ಟ ಬಾಟಲಿ

ನಿನ್ನ ಮನೆ, ಅಡುಗೆಮನೆಯ ಮೇಜು
ಅಕ್ಟೋಬರ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟಾಣಿ,

ಮೂವತ್ತನಾಲ್ಕು ತುಂಬಿದವಳನ್ನು ಪುಟಾಣಿ ಎಂದು ಕರೆದರೆ ಹಡಗಿನಲ್ಲಿ ನಿನ್ನ ಮರ್ಯಾದೆ ಹೋಗುತ್ತದೆ ಎಂದು ಗೊತ್ತು. ಆದರೆ ಪತ್ರ ಒಡೆಯುವವಳು ನೀನೊಬ್ಬಳೇ ತಾನೇ. ಹೇಗಿದ್ದೀಯಾ? ಸೊಂಟನೋವು ಕಡಿಮೆಯಾಯಿತಾ? ಸಮುದ್ರದ ತಳಕ್ಕೆ ಕೇಬಲ್ ಇಳಿಸುವಾಗ ಬಗ್ಗಿ ಬಗ್ಗಿ ಸಾಕಾಗುತ್ತದೆ ಎಂದು ಅಮ್ಮನ ಹತ್ತಿರ ಹೇಳಿದೆಯಂತೆ. ಹೊತ್ತುಹೊತ್ತಿಗೆ ಊಟ ಮಾಡು, ಗ್ಲೌಸ್ ಹಾಕದೆ ಏನನ್ನೂ ಮುಟ್ಟಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿಗಳಿಗೆ ಮೆಟ್ಟಿಲು ಕಂಡರಾಗುವುದಿಲ್ಲ, ಅಷ್ಟೇ. ಅಮ್ಮನಿಗೆ ಹೊಸ ಕನ್ನಡಕ ಬಂದಿದೆ. ಅದು ಬಂದಮೇಲೆ ಅವಳಿಗೆ ನನ್ನ ತಪ್ಪುಗಳು ಇನ್ನೂ ದೊಡ್ಡದಾಗಿ ಕಾಣುತ್ತಿವೆ. ಫೋನಿನಲ್ಲಿ ನಿನಗೆ ಸಿಗುವುದು ವಾರಕ್ಕೆ ನಾಲ್ಕು ನಿಮಿಷ. ಅದರಲ್ಲಿ ಮೂರೂವರೆ ಅಮ್ಮನದು. ಉಳಿದ ಅರ್ಧ ನಿಮಿಷದಲ್ಲಿ ನಾನು ನಿನ್ನ ಆರೋಗ್ಯ ಕೇಳುತ್ತೇನೆ, ನೀನು ನನ್ನ ಆರೋಗ್ಯ ಕೇಳುತ್ತೀಯಾ, ಇಟ್ಟುಬಿಡುತ್ತೇವೆ. ನಾನು ಬಸ್ಸು ಬಿಟ್ಟು ರಿಟೈರಾದ ದಿನದಿಂದ, ಅಂದರೆ ಹದಿನಾಲ್ಕು ತಿಂಗಳಿಂದ, ಇದೇ ನಡೆದಿದೆ. ಅದಕ್ಕೇ ಪತ್ರ ಬರೆಯಲು ಕೂತೆ. ಪತ್ರವಾದರೆ ಮಧ್ಯೆ ಲೈನ್ ಕಟ್ ಆಗುವುದಿಲ್ಲ.

ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿ ಹಗುರಾಗುತ್ತೇನೆ. ನಿನ್ನ ಹನ್ನೊಂದು ಬಾಟಲಿಗಳಲ್ಲಿ ಒಂದನ್ನು ನಾನು ಹಾಳು ಮಾಡಿದೆ. ಉದ್ದ ಕತ್ತಿನದು, ಹಸಿರು ಲೇಬಲ್ಲಿನ ರೈ ವಿಸ್ಕಿ. ಮನೆ ಬೀಗದ ಕೈಯನ್ನು ನೀನು ಅಮ್ಮನಿಗೆ ಕೊಟ್ಟು ಹೋದೆ, ನನಗಲ್ಲ, ಅದನ್ನು ಗಮನಿಸಿದ್ದೇನೆ. ಆದರೆ ಮೂರು ಮಹಡಿ ಹತ್ತುವುದು ಅವಳಿಂದಾಗದು ಎಂದು ಗಿಡಗಳಿಗೆ ನೀರು ಹಾಕುವ ಕೆಲಸ ನನ್ನ ತಲೆಗೆ ಬಂತು. ಜೂನ್‌ನಲ್ಲಿ ಒಂದು ದಿನ ನೀರು ಹಾಕುತ್ತಿದ್ದಾಗ ಕಿಟಕಿಯಾಚೆ ಗೂಡ್ಸ್ ರೈಲು ಹೋಯಿತು. ಶೆಲ್ಫಿನ ಮೇಲಿದ್ದ ಬಾಟಲಿಗಳೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಮೂವತ್ತೊಂದು ವರ್ಷ ಅಲುಗಾಡುವ ಗಾಜುಗಳ ನಡುವೆ ಕೂತು ಬಸ್ಸು ಓಡಿಸಿದವನಿಗೆ ಆ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹನ್ನೊಂದನ್ನೂ ಎತ್ತಿ ಬಟ್ಟೆ ಕಪಾಟಿನ ಕೆಳಗಿನ ಡ್ರಾಯರಿನಲ್ಲಿ, ನಿನ್ನ ಸ್ವೆಟರುಗಳ ನಡುವೆ, ಕೂಸುಗಳನ್ನು ಮಲಗಿಸಿದ ಹಾಗೆ ಮಲಗಿಸಿದೆ. ವೈನ್ ಬಾಟಲಿಗಳನ್ನು ಮಲಗಿಸಿಯೇ ಇಡುತ್ತಾರೆ ಎಂದು ಎಲ್ಲೋ ಓದಿದ್ದೆ, ಹಾಗಾಗಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ ಬೇರೆ. ವಿಸ್ಕಿಗೆ ಅದು ಆಗಿಬರುವುದಿಲ್ಲ, ಸದಾ ತಾಗುತ್ತಿದ್ದರೆ ಅದರ ಖಾರವೇ ಬಿರಡೆಯನ್ನು ತಿಂದುಹಾಕುತ್ತದೆ, ಅದನ್ನು ನೆಟ್ಟಗೆ ನಿಲ್ಲಿಸಿಡಬೇಕು ಎಂದು ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟದ ನನಗೆ ಹೇಗೆ ಗೊತ್ತಾಗಬೇಕು? ಸೆಪ್ಟೆಂಬರ್ ಕೊನೆಯಲ್ಲಿ ಬಾಗಿಲು ತೆಗೆದರೆ ಮನೆಯೆಲ್ಲ ಘಮಘಮ. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ವಾಸನೆ. ಬಡಗಿಯ ಅಂಗಡಿಯಲ್ಲಿ ಯಾರೋ ಸಕ್ಕರೆ ಕಾಯಿಸಿ ಮೇಲೆ ಕಾಳುಮೆಣಸು ಉದುರಿಸಿದಂತಿತ್ತು. ಅರ್ಧಕ್ಕಿಂತ ಹೆಚ್ಚನ್ನು ನಿನ್ನ ನೀಲಿ ಸ್ವೆಟರ್ ಕುಡಿದಿತ್ತು. ಮೂರು ಸಲ ಒಗೆದೆ, ಅದಕ್ಕಿನ್ನೂ ಅಮಲು ಇಳಿದಿಲ್ಲ.

ಉಳಿದ ಹತ್ತೂ ಕ್ಷೇಮ, ಗಾಬರಿಯಾಗಬೇಡ. ಅವತ್ತೇ ಎಲ್ಲವನ್ನೂ ತೆಗೆದು ನೆಟ್ಟಗೆ ನಿಲ್ಲಿಸಿದೆ. ಹಾಗೆ ನಿಲ್ಲಿಸುವಾಗ ಒಂದೊಂದರ ತಳದಲ್ಲೂ ನೀನು ಅಂಟಿಸಿದ ಪುಟ್ಟ ಚೀಟಿ ಕಂಡಿತು. ಓದಬಾರದಿತ್ತೇನೋ, ಓದಿದೆ. ಪೆನ್ಸಿಲಿನಲ್ಲಿ ಎರಡೆರಡು ಸಾಲು. “ಬರ್ಬನ್. ನಾಲ್ಕನೇ ಸಲಕ್ಕೆ ಸಿಕ್ಕಿತು. ಮಳೆಯಲ್ಲಿ ಐದು ಗಂಟೆ ಸಾಲು. ಮುಂದಿದ್ದವರು ಛತ್ರಿ ಕೊಟ್ಟರು.” ಇನ್ನೊಂದರಲ್ಲಿ “ಒಂಬತ್ತು ಅಂಗಡಿ ಸುತ್ತಿದೆ. ಹತ್ತನೆಯವರು ತಮಗೆಂದು ಇಟ್ಟುಕೊಂಡಿದ್ದನ್ನು ಕೊಟ್ಟರು. ಅವರ ಹೆಂಡತಿಗೆ ಹುಷಾರಿಲ್ಲ, ಮತ್ತೆ ಹೋಗಿ ವಿಚಾರಿಸಬೇಕು.” ರುಚಿ ಹೀಗಿದೆ ಹಾಗಿದೆ ಎಂದು ಒಂದಕ್ಷರವೂ ಇಲ್ಲ. ಬರೀ ಜನ. ನೆಲದ ಮೇಲೆ ಕೂತು ಹತ್ತನ್ನೂ ಎರಡೆರಡು ಸಲ ಓದಿದೆ. ಹಾಳಾದ ಬಾಟಲಿಯ ಚೀಟಿ ಮಾತ್ರ ನೆನೆದು ಕಳಚಿ, ಡ್ರಾಯರಿನ ತಳಕ್ಕೆ ಬೋರಲಾಗಿ ಅಂಟಿಕೊಂಡಿದೆ. ಎಳೆದರೆ ಹರಿಯುತ್ತದೆ. ಇವತ್ತು ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಬಂದು ಕೂತಿದ್ದೇನೆ, ಮೆತ್ತಗಾಗಲಿ.

ನಾನು ರಿಟೈರಾದ ದಿನದ್ದು ನಿನಗೆ ನೆನಪಿರುತ್ತದೆ. ನನಗೂ ಇದೆ. ಡಿಪೋದವರು ಒಂದು ಗೋಡೆ ಗಡಿಯಾರ ಕೊಟ್ಟು, ನನ್ನ ಕೈಯಿಂದ ಬಸ್ಸಿನ ಕೀ ತೆಗೆದುಕೊಂಡು, ಕೈಕುಲುಕಿ ಕಳಿಸಿದ್ದರು. ಮನೆಯಲ್ಲಿ ಹಳೇ ಡ್ರೈವರುಗಳೆಲ್ಲ ಕೂತಿದ್ದಾಗ ನೀನು ಹೆಗಲಿಗೆ ಚೀಲ ಹಾಕಿಕೊಂಡು ಬಂದೆ. ಒಳಗೆ ಗಾಜಿನ ಸದ್ದಾಯಿತು. ಯಾರ ಮೇಲೋ ಇದ್ದ ಸಿಟ್ಟು ನಿನ್ನ ಮೇಲೆ ತಿರುಗಿತು. “ಬಾಟ್ಲಿ ಹಿಂದೆ ಓಡೋದೂ ಒಂದು ಬದುಕಾ? ಇದಕ್ಕಾ ನಿನ್ನ ಓದಿಸಿದ್ದು?” ಎಂದು ಎಲ್ಲರೆದುರೂ ಅಂದೆ. ನೀನು ಚಹಾ ಕುಡಿದು, ಲೋಟ ತೊಳೆದಿಟ್ಟು, ಚೀಲ ಎತ್ತಿಕೊಂಡು ಹೋದೆ. ಅದರ ಮಾತು ಈಗ ಬೇಡ, ನೀನು ಬಂದಮೇಲೆ ನೋಡೋಣ.

ಬಾಟಲಿ ವಿಷಯಕ್ಕೆ ಬರುತ್ತೇನೆ. ನೀನು ಬರುವಷ್ಟರಲ್ಲಿ ಅಂಥದ್ದೇ ಇನ್ನೊಂದು ತಂದು ಶೆಲ್ಫಿನಲ್ಲಿಟ್ಟುಬಿಡೋಣ ಎಂದು ಹಾಳಾದದ್ದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಅಂಗಡಿಯಾಕೆ ಲೇಬಲ್ ನೋಡಿ ನಕ್ಕರು. “ಅಂಕಲ್, ಇದು ಸೋಪು ಅಂದ್ಕೊಂಡ್ರಾ? ವರ್ಷಕ್ಕೊಂದೇ ಸಲ ಬರೋದು, ಅದೂ ಇಪ್ಪತ್ನಾಲ್ಕೇ. ನಿಮ್ಮ ಅದೃಷ್ಟ, ಈ ಶನಿವಾರ ಬರುತ್ತೆ. ಬೇಗ ಬನ್ನಿ.” ಬಾಗಿಲು ತೆಗೆಯುವುದು ಹತ್ತಕ್ಕೆ. ನಿನ್ನೆ ನಾನು ಮಡಚುವ ಸ್ಟೂಲು, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಆರಕ್ಕೇ ಹೋದರೆ ಅಷ್ಟರಲ್ಲಾಗಲೇ ಇಪ್ಪತ್ತೆಂಟು ಜನ! ಮೊದಲು ಬಂದವರು ಒಂದು ಹಾಳೆಯಲ್ಲಿ ನಂಬರು ಬರೆದಿಟ್ಟಿದ್ದರು, ನನ್ನದು ಇಪ್ಪತ್ತೊಂಬತ್ತು. ಲೆಕ್ಕ ಬರದವನಿಗೂ ಗೊತ್ತಾಗುತ್ತದೆ, ಐದು ಜನರಿಗೆ ತಪ್ಪುತ್ತದೆ, ನಾನು ಅವರಲ್ಲಿ ಕೊನೆಯವನು. ಆದರೂ ನಿಂತೆ. ಯಾರಾದರೂ ಬೇಜಾರಾಗಿ ಎದ್ದು ಹೋದಾರು ಎಂಬ ಆಸೆ. ಒಬ್ಬನೂ ಹೋಗಲಿಲ್ಲ ಮಹಾರಾಯಿತಿ.

ಆ ಸಾಲಿನ ಬಗ್ಗೆ ನಿನಗೆ ನಾನು ಹೇಳುವುದು ಹಾಸ್ಯಾಸ್ಪದ, ಆದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾನು ನೋಡಿದಷ್ಟು ಸಾಲುಗಳನ್ನು ನೀನು ನೋಡಿಲ್ಲ. ಸ್ಟಾಪಿನಲ್ಲಿ ಅರ್ಧ ಗಂಟೆ ಶಿಸ್ತಾಗಿ ನಿಂತ ಜನ, ಬಸ್ಸಿನ ಮೂತಿ ತಿರುವಿನಲ್ಲಿ ಕಂಡ ಕೂಡಲೇ ಸಾಲು ಮುರಿದು ಬಾಗಿಲಿಗೆ ಮುಗಿಬೀಳುತ್ತಾರೆ. ಮೂವತ್ತೊಂದು ವರ್ಷ ಕನ್ನಡಿಯಲ್ಲಿ ಇದನ್ನೇ ನೋಡಿದ್ದೇನೆ. ಇಲ್ಲಿ ಯಾರಾದರೂ ಎದ್ದು ಹೋದರೆ ಅವರ ಸ್ಟೂಲೇ ಅವರ ಜಾಗ ಕಾಯುತ್ತಿತ್ತು. ಹತ್ತಕ್ಕೆ ಬಾಗಿಲು ತೆರೆದಾಗ ನಾನು ಅಭ್ಯಾಸಬಲದಿಂದ ನೂಕುನುಗ್ಗಲಿಗೆ ಮೈ ಬಿಗಿ ಹಿಡಿದೆ. ಒಬ್ಬರೂ ನೂಕಲಿಲ್ಲ. ಒಂದನೇ ನಂಬರಿನವರು ಒಳಗೆ ಹೋಗಿ ಬಂದಮೇಲೆ ಎರಡನೆಯವರು ಎದ್ದರು. ಪುಟಾಣಿ, ನನ್ನ ಕಣ್ಣು ತುಂಬಿ ಬಂತು. ಇಂಥ ಪ್ಯಾಸೆಂಜರುಗಳು ಸಿಕ್ಕಿದ್ದರೆ ನಾನು ಇನ್ನೂ ಹತ್ತು ವರ್ಷ ಬಸ್ಸು ಓಡಿಸುತ್ತಿದ್ದೆ.

ನನ್ನ ಮುಂದಿನ ಸ್ಟೂಲಿನಲ್ಲಿ ಒಬ್ಬರು ಗಣಿತದ ಮೇಷ್ಟ್ರು. ನನ್ನ ಕತೆ ಕೇಳುತ್ತಿದ್ದಂತೆ “ಓ, ಕೇಬಲ್ ಮೇಡಂ ಅಪ್ಪನಾ ನೀವು!” ಎಂದು ಕೂಗಿಯೇಬಿಟ್ಟರು. ನಾಲ್ಕಾರು ತಲೆಗಳು ತಿರುಗಿದವು. ಯಾರದೋ ಚಳಿಗೆ ನೀನು ನಿನ್ನ ಶಾಲು ಕೊಟ್ಟದ್ದು, ಸಿಕ್ಕ ಬಾಟಲಿಯನ್ನು ಅಲ್ಲೇ ತೆರೆದು ಸಿಗದವರಿಗೆಲ್ಲ ಒಂದೊಂದು ಗುಟುಕು ಹಂಚಿದ್ದು, ಎಲ್ಲ ಕೇಳಿದೆ. ನನ್ನ ಮಗಳ ಸುದ್ದಿ ನಾನು ಫುಟ್‌ಪಾತಿನಲ್ಲಿ ಕೂತು ಬೇರೆಯವರ ಬಾಯಲ್ಲಿ ಕೇಳಬೇಕಾಯಿತು. ಮೇಷ್ಟ್ರು ಪೀಪಾಯಿಗಳ ಪಾಠವನ್ನೂ ಮಾಡಿದರು. ಬರ್ಬನ್‌ಗೆ ಮೆಕ್ಕೆಜೋಳ ಹೆಚ್ಚು, ರೈ ವಿಸ್ಕಿಗೆ ರೈ ಎಂಬ ಧಾನ್ಯ ಹೆಚ್ಚು. ಎರಡನ್ನೂ ಒಳಮೈ ಸುಟ್ಟ ಹೊಸ ಮರದ ಪೀಪಾಯಿಯಲ್ಲಿ ತುಂಬಿಸಿ ಬಿಟ್ಟುಬಿಡುತ್ತಾರೆ. ವರ್ಷಾವರ್ಷ ಒಂದಿಷ್ಟು ಮರದ ಸಂದಿನಿಂದ ಗಾಳಿಗೆ ಹೋಗುತ್ತದೆ, ಹದಿನೈದು ವರ್ಷ ಬಿಟ್ಟರೆ ಉಳಿಯುವುದೇ ಅರ್ಧವೋ ಅದಕ್ಕಿಂತ ಕಡಿಮೆಯೋ. ತುಂಬಿಸಿದವನು ತೆರೆಯುವ ಹೊತ್ತಿಗೆ ಆ ಕೆಲಸದಲ್ಲೇ ಇರುವುದಿಲ್ಲ. ಅಷ್ಟು ತಾಳ್ಮೆಯಿಂದ ಮಾಡಿದ್ದಕ್ಕೆ ನಾಲ್ಕು ಗಂಟೆ ಕಾಯುವುದು ಅತಿಯೇನಲ್ಲ ಎಂದು ನನಗೇ ಅನ್ನಿಸತೊಡಗಿತು. ಹಾಗೆಂದು ಎಲ್ಲರೂ ದೇವರಂಥವರಲ್ಲ. ಕೊಂಡ ಕೂಡಲೇ ಮಾರಾಟಕ್ಕಿಡಲು ಬಾಟಲಿಯ ಫೋಟೋ ತೆಗೆಯುತ್ತಿದ್ದವನೊಬ್ಬನಿದ್ದ. ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

“ಇಷ್ಟು ಒದ್ದಾಡೋಷ್ಟು ಬೆಲೆ ಇದೆಯಾ ಇದಕ್ಕೆ?” ಎಂದು ಮೇಷ್ಟ್ರನ್ನು ನೇರವಾಗಿ ಕೇಳಿದೆ. “ಬರೀ ನಾಲಿಗೇನ ಕೇಳಿದ್ರೆ ಇಲ್ಲ ಸಾರ್. ದಿನಾ ಸಿಗೋ ಬಾಟ್ಲಿನೂ ಚೆನ್ನಾಗೇ ಇರುತ್ತೆ. ಆದ್ರೆ ಇಷ್ಟು ಹುಡುಕಿದ್ದನ್ನ ಒಬ್ಬನೇ ಕುಡಿಯೋಕೆ ಮನಸ್ಸು ಬರಲ್ಲ ನೋಡಿ. ಯಾರ ಜೊತೆ ತೆಗೀಲಿ ಅಂತ ವರ್ಷಗಟ್ಲೆ ಯೋಚಿಸ್ತಾ ಇರ್ತೀವಿ” ಎಂದರು. ಆಮೇಲೆ “ನೀವು?” ಎಂದು ಕೇಳಿದರು. ನನ್ನ ಹಳೇ ಉತ್ತರ ತಾನಾಗಿಯೇ ಬಾಯಿಗೆ ಬಂತು. ಆರನೇ ಕ್ಲಾಸಿನಲ್ಲಿದ್ದಾಗ ನೀನೂ ಕೇಳಿದ್ದೆ, ನಿನಗೂ ಅದನ್ನೇ ಹೇಳಿದ್ದೆ. “ಬಸ್ಸಿನ ಕೀ ಜೇಬಲ್ಲಿರೋವರೆಗೂ ಇಲ್ಲ. ಕೊಟ್ಟ ದಿನ ನೋಡೋಣ. ಆದ್ರೆ ಒಳ್ಳೇದೇ ಆಗ್ಬೇಕು.” ಮೇಷ್ಟ್ರು ನಕ್ಕು, “ಈಗ ಕೀ ಎಲ್ಲಿದೆ?” ಎಂದರು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತೆ.

ಇಪ್ಪತ್ತನಾಲ್ಕು ಬಾಟಲಿ ಮುಗಿಯಿತು. ನನಗೆ ಸಿಗಲಿಲ್ಲ. ಸಿಕ್ಕವರಲ್ಲಿ ಒಬ್ಬ ಪ್ಲಂಬರ್, ಅವನು ನಮ್ಮೈವರನ್ನೂ ಮಧ್ಯಾಹ್ನ ತನ್ನ ಅಂಗಡಿಗೆ ಕರೆದ. ಪೈಪು, ನಲ್ಲಿಗಳ ನಡುವೆ ಅವತ್ತು ಕೊಂಡದ್ದನ್ನು ಅವತ್ತೇ ತೆರೆದು ಎಲ್ಲರ ಕೈಗೂ ಪುಟ್ಟ ಗ್ಲಾಸು ಕೊಟ್ಟ. ನಾನು ನನ್ನದನ್ನು ಮೂಸಿದೆ. ಅದೇ ಬಡಗಿ ಅಂಗಡಿ, ಅದೇ ಕಾಯಿಸಿದ ಸಕ್ಕರೆ. ತುಟಿಯವರೆಗೂ ತಂದು ವಾಪಸ್ ಕೊಟ್ಟೆ. ಮೊದಲ ಗುಟುಕು ಬೆಳಿಗ್ಗೆಯಷ್ಟೇ ಪರಿಚಯವಾದವರ ಜೊತೆ ಬೇಡ ಅನ್ನಿಸಿತು, ಯಾಕೋ ಗೊತ್ತಿಲ್ಲ. ಅವನೇ ನನ್ನ ಚೀಲದಲ್ಲಿದ್ದ ಹಾಳಾದ ಬಾಟಲಿಯನ್ನು ಕೇಳಿ ಇಸಿದುಕೊಂಡ. “ಸೋರೋದು ನನ್ನ ಕಸುಬು ಸಾರ್, ಕೊಡಿ ಇಲ್ಲಿ” ಎಂದು, ಉಳಿದದ್ದನ್ನು ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಬಿರಡೆಯ ಪುಡಿಯನ್ನೆಲ್ಲ ತೆಗೆದ. ಬಾಟಲಿ ಅರ್ಧ ಖಾಲಿಯಿದ್ದರೆ ಒಳಗಿನ ಗಾಳಿಗೆ ರುಚಿ ಹೋಗುತ್ತದಂತೆ. ಒಂದು ಸಣ್ಣ ಬಾಟಲಿಗೆ ಕತ್ತಿನವರೆಗೂ ತುಂಬಿಸಿ, ಮುಚ್ಚಳ ಬಿಗಿದು ಕೊಟ್ಟ. ಹಸಿರು ಲೇಬಲ್ಲಿನ ದೊಡ್ಡ ಬಾಟಲಿಯನ್ನು ತೊಳೆದು ಜೊತೆಗೇ ಇಟ್ಟಿದ್ದೇನೆ. ಮುಂದಿನ ವರ್ಷ ನಾನು ನಾಲ್ಕಕ್ಕೇ ಹೋಗುತ್ತೇನೆ, ನೀನು ಊರಲ್ಲಿದ್ದರೂ ಸರಿ, ಇಲ್ಲದಿದ್ದರೂ ಸರಿ. ಅಮ್ಮನಿಗೆ ಹೇಳಿದರೆ, “ಮಗಳಿಗೆ ಹಿಡಿದಿದ್ದು ಸಾಲದು ಅಂತ ಅಪ್ಪನಿಗೂ ಹತ್ತಿಸ್ಕೊಂಡ್ರಾ?” ಎಂದಳು. ಆದರೆ ಸ್ಟೂಲಿಗೆ ಹೊಲಿಯಲು ಮೆತ್ತನೆ ಬಟ್ಟೆ ಹುಡುಕುತ್ತಿದ್ದಾಳೆ.

ಗಿಡಗಳೆಲ್ಲ ಚಿಗುರಿವೆ. ಬಾಲ್ಕನಿಯ ಮೂಲೆಯದು ಮಾತ್ರ ನನ್ನ ಮೇಲೆ ಮುನಿಸಿಕೊಂಡಿದೆ, ನೀನೇ ಬಂದು ರಮಿಸು. ಅಮ್ಮನ ಮುತ್ತುಗಳು ಈ ಕಾಗದದಲ್ಲಿ ಹಿಡಿಸುವುದಿಲ್ಲವಂತೆ, ಫೋನಿನಲ್ಲಿ ಕೊಡುತ್ತಾಳೆ. ಹಡಗಿನವರಿಗೆಲ್ಲ ನನ್ನ ನಮಸ್ಕಾರ. ಒಳ್ಳೆಯದಾಗಲಿ ಮಗಳೇ, ಸಮುದ್ರ ನಿನ್ನನ್ನು ಸುಖವಾಗಿ ನಮ್ಮ ಕೈಗೆ ಒಪ್ಪಿಸಲಿ.

ಇಂತು,
ನಿನ್ನ ಅಪ್ಪ
ಮಾಜಿ ಡ್ರೈವರ್, ಹಾಲಿ ಮಾಲಿ

ತಾ.ಕ.: ಪತ್ರ ಮಡಚಿಟ್ಟು ಡ್ರಾಯರ್ ನೋಡಲು ಹೋದೆ. ಚೀಟಿ ಇಡಿಯಾಗಿ ಬಂತು. ಪೆನ್ಸಿಲ್ ಆದದ್ದರಿಂದ ಅಕ್ಷರ ಅಳಿಸಿಲ್ಲ. “ರೈ. ಏಳನೇ ವರ್ಷಕ್ಕೆ ಸಿಕ್ಕಿತು. ಅಪ್ಪ ಬಸ್ಸಿನ ಕೀ ಕೊಡುವ ದಿನ ತೆರೆಯಬೇಕು. ಒಳ್ಳೇದೇ ಆಗಬೇಕು ಅಂದಿದ್ದರು.” ಅವತ್ತು ಚೀಲದಲ್ಲಿದ್ದದ್ದು ಇದೇನಾ? ನಾನು ಏನಿದೆ ಎಂದು ಕೇಳಲೂ ಇಲ್ಲವಲ್ಲ. ತಪ್ಪಾಯಿತು ಪುಟಾಣಿ. ಎಲ್ಲರೆದುರೂ ಆಡಿದ ಮಾತಿಗೆ, ಆ ಹಳೇ ಡ್ರೈವರುಗಳನ್ನೆಲ್ಲ ಕರೆಸಿ ಅವರೆದುರೇ ಇನ್ನೊಮ್ಮೆ ತಪ್ಪಾಯಿತು ಎನ್ನುತ್ತೇನೆ. ಸಣ್ಣ ಬಾಟಲಿ ಶೆಲ್ಫಿನಲ್ಲಿ ನೆಟ್ಟಗೆ ನಿಂತಿದೆ. ರೈಲು ಬಂದರೆ ಅಲುಗಾಡದಿರಲೆಂದು ಸುತ್ತಲೂ ಬಟ್ಟೆ ಒತ್ತಿದ್ದೇನೆ. ಇಬ್ಬರಿಗೆ ಸಾಕು. ನೀರು ಬೆರೆಸಬೇಕೋ ಹಾಗೇ ಕುಡಿಯಬೇಕೋ ನನಗೆ ಗೊತ್ತಿಲ್ಲ, ನೀನೇ ಬಂದು ಹೇಳಿಕೊಡಬೇಕು.