ಆರು ಗಂಟೆಗೆ ಮುಚ್ಚುವ ಪಾರ್ಕು

ಚನ್ನಗಿರಿ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ನಮ್ಮ ಮನೆಯವರಿಗೆ,

ನಿಮ್ಮ ಕೆಮ್ಮು ಹೇಗಿದೆ? ಫೋನಿನಲ್ಲಿ ಕೇಳಿದರೆ ‘ಆರಾಮ್ ಐತೆ ಬಿಡು’ ಅನ್ನುತ್ತೀರಿ, ಆ ಮಾತು ಮುಗಿಯುವ ಮೊದಲೇ ಕೆಮ್ಮುತ್ತೀರಿ. ಸುರಂಗದ ಧೂಳಿಗೆ ಮಾಸ್ಕ್ ಕೊಟ್ಟಿದ್ದಾರೆ ಅಂತ ಹೇಳಿದವರೂ ನೀವೇ, ಅದನ್ನು ಹಾಕಿಕೊಂಡು ಮಷೀನು ರಿಪೇರಿ ಮಾಡಲು ಆಗುವುದಿಲ್ಲ ಅಂತ ಹೇಳಿದವರೂ ನೀವೇ. ಹಿಮಾಚಲದಲ್ಲಿ ಚಳಿ ಜೋರಾಗಿದೆ ಅಂತ ಸುದ್ದಿಯಲ್ಲಿ ನೋಡಿದೆ. ಹೋದ ವರ್ಷ ಕಳಿಸಿದ ಸ್ವೆಟರನ್ನು ಒಳ್ಳೆಯ ದಿನಕ್ಕೆ ಅಂತ ಪೆಟ್ಟಿಗೆಯಲ್ಲಿ ಇಡಬೇಡಿ, ಹಾಕಿಕೊಳ್ಳಿ. ನಾನು ಚೆನ್ನಾಗಿದ್ದೇನೆ. ಬಿಪಿ ಹತೋಟಿಯಲ್ಲಿದೆ. ಅನಿತಾ ದಾವಣಗೆರೆಯ ಹಾಸ್ಟೆಲಿನಲ್ಲಿ, ಎರಡನೇ ಪಿಯು ಓದುವ ಮಗಳು ಎಷ್ಟು ಚೆನ್ನಾಗಿರಬಹುದೋ ಅಷ್ಟು ಚೆನ್ನಾಗಿದ್ದಾಳೆ. ಫೋನ್ ಮಾಡಿದರೆ ‘ಬೇಗ ಹೇಳಮ್ಮ’ ಅನ್ನುತ್ತಾಳೆ. ಬೇಗ ಹೇಳುವಂಥದ್ದು ನನ್ನ ಹತ್ತಿರ ಏನೂ ಇರುವುದಿಲ್ಲ. ಊಟ ಆಯಿತಾ ಅಂತ ಕೇಳಿ ಇಟ್ಟುಬಿಡುತ್ತೇನೆ.

ಫೋನಿರುವಾಗ ಇದೇನು ಪತ್ರ ಅಂತ ನಿಮಗೆ ಅನ್ನಿಸಬಹುದು. ನಿಮ್ಮ ಕ್ಯಾಂಪಿನಲ್ಲಿ ಸಿಗ್ನಲ್ ಸಿಗುವುದು ಕ್ಯಾಂಟೀನಿನ ಮುಂದೆ ಮಾತ್ರ. ನಿಮ್ಮ ಹಿಂದೆ ಯಾರೋ ತಮ್ಮ ಸರದಿಗೆ ಕಾಯುತ್ತ ನಿಂತಿರುತ್ತಾರೆ, ಅವರು ಗಂಟಲು ಸರಿಮಾಡಿಕೊಳ್ಳುವುದು ನನಗೆ ಇಲ್ಲಿಗೆ ಕೇಳಿಸುತ್ತದೆ. ನನ್ನ ಹಿಂದೆ ಯಾರೂ ಇರುವುದಿಲ್ಲ, ಆದರೂ ನಾನೂ ಅವಸರದಲ್ಲೇ ಮಾತಾಡುತ್ತೇನೆ, ಯಾಕೋ. ಮೊದಲು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ಕಾನ್ವೆಂಟಿನಲ್ಲಿ ಓದಿದವಳಿಗೆ ಅದು ಸುಲಭ. ಎರಡು ಸಾಲು ಬರೆದು ನೋಡಿದರೆ ನಮ್ಮ ವಿಮೆ ಕಚೇರಿಯಿಂದ ಪಾಲಿಸಿದಾರರಿಗೆ ಹೋಗುವ ಕಾಗದದ ಹಾಗೇ ಇತ್ತು. ಹರಿದು ಹಾಕಿ ಕನ್ನಡದಲ್ಲಿ ಶುರುಮಾಡಿದ್ದೇನೆ. ಅಡಿಕೆ ಸೀಸನ್ನು, ಕಚೇರಿಯ ಕೆಳಗಿನ ಮಂಡಿಯ ಮುಂದೆ ಲಾರಿಗಳು ಸಾಲಾಗಿ ನಿಂತು ಬೀದಿಯೇ ಕಟ್ಟಿಹೋಗಿದೆ. ಇವತ್ತು ಮಧ್ಯಾಹ್ನ ಒಬ್ಬರೂ ಮೇಲೆ ಹತ್ತಿ ಬರಲಿಲ್ಲ. ಬರೆಯಲು ಸಮಯ ಸಿಕ್ಕಿತು.

ನೀವು ಒಪ್ಪಿಸಿದ ಕೆಲಸದ ವಿಷಯಕ್ಕೆ ಬರುತ್ತೇನೆ. ‘ಈ ಸಲ ರಜಾಕ್ಕೆ ಬಂದಾಗ ಅನಿತಾನ್ನ ಬೆಂಗಳೂರು ಕಡೆ ಆ ದೊಡ್ಡ ಪಾರ್ಕಿಗೆ ಕರ್ಕಂಡು ಹೋಗಾನ. ಅಲ್ಲಿ ಅವರದೇ ಹೋಟ್ಲೈತಂತೆ. ಅಲ್ಲೇ ಉಳ್ಕೊಳ್ಳಾದು ಒಳ್ಳೇದೋ, ದಂಡವೋ ವಿಚಾರ್ಸು’ ಅಂದಿದ್ದಿರಿ. ವಿಚಾರಿಸುವ ಮೊದಲು ಅನಿತಾಳನ್ನೇ ಕೇಳಿದೆ. ಚಿಕ್ಕವಳಿದ್ದಾಗ ಆ ಪಾರ್ಕಿನ ಜಾಹೀರಾತು ಬಂದರೆ ಟಿವಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದ ಹುಡುಗಿ, ಈಗ ನನ್ನನ್ನೇ ಸಮಾಧಾನ ಮಾಡುವವಳ ಹಾಗೆ, ‘ನೀರಾಗೆ ಜಾರೋ ವಯಸ್ಸು ಮುಗೀತಮ್ಮ ನಂದು. ಪರೀಕ್ಷೆ ಬೇರೆ ಐತೆ. ನೀವಿಬ್ರೇ ಹೋಗಿ ಜಾರಿ ಬರ್ರಿ’ ಅಂದಳು. ನಗುತ್ತಲೇ ಫೋನಿಟ್ಟೆ. ನಾವಿಬ್ಬರೇ ಎಲ್ಲಿಗಾದರೂ ಕೊನೆಯ ಸಲ ಹೋಗಿದ್ದು ಯಾವಾಗ ಅಂತ ಆಮೇಲೆ ಯೋಚಿಸಿದೆ. ಬ್ಯಾಂಕಿಗೆ ಹೋಗಿದ್ದು ಬಿಟ್ಟು ಬೇರೇನೂ ನೆನಪಾಗಲಿಲ್ಲ.

ನಮ್ಮ ಕಚೇರಿಯ ಶಿವಲೀಲಾ ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಬಂದವಳು. ಊಟದ ಡಬ್ಬಿ ಬಿಚ್ಚುವಾಗ ಅವಳನ್ನು ಕೇಳಿದೆ. ‘ಬ್ಯಾಡ್ರೀ ಮೇಡಂ, ದಂಡ. ಆರಕ್ಕೆಲ್ಲ ಪಾರ್ಕಿನ ಬಾಗ್ಲು ಹಾಕ್ತಾರೆ. ಆಮೇಲೆ ಅಲ್ಲಿ ಊರಿಲ್ಲ, ಅಂಗಡಿ ಇಲ್ಲ. ಗಂಡ ಹೆಂಡ್ತಿ ಮುಖ ಮುಖ ನೋಡ್ಕಂಡು ಕೂರ್ಬೇಕಷ್ಟೆ. ನಮ್ಮ ಯಜಮಾನ್ರು ಟಿವಿ ಹಾಕ್ಕಂಡು ಮಲಗಿಬಿಟ್ರು. ಅದನ್ನ ಮನೇಲೇ ಮಾಡ್ತಿದ್ರಲ್ಲ, ಅಷ್ಟು ದೂರ ಹೋಗಿ ರೂಮು ಯಾಕೆ ಬೇಕಿತ್ತು’ ಅಂದಳು. ಡಬ್ಬಿಯಿಂದ ಮುಖ ಎತ್ತದೆ ‘ಹೌದಾ’ ಅಂದೆ. ಅವಳು ಹೇಳಿದ್ದು ನಷ್ಟದ ಮಾತು. ನನಗೆ ಮಾತ್ರ ಅದು ನಷ್ಟವಾಗಿ ಕೇಳಿಸಲಿಲ್ಲ. ನಾನೇನಾದರೂ ತಪ್ಪಾಗಿ ಯೋಚಿಸುತ್ತಿದ್ದೇನಾ ಅಂತ ಸಂಜೆಯವರೆಗೂ ಅದನ್ನೇ ತಿರುವಿ ತಿರುವಿ ನೋಡಿದೆ.

ಮಾರನೇ ದಿನ ಹೋಟೆಲಿಗೇ ಫೋನ್ ಮಾಡಿದೆ. ಎತ್ತಿದವನು ತುಂಬ ಮರ್ಯಾದೆಯ ಮನುಷ್ಯ. ‘ಎಷ್ಟು ಜನ ಮ್ಯಾಮ್’ ಅಂತ ಮೊದಲು ಕೇಳಿದ. ‘ಇನ್ನೂ ಗೊತ್ತಿಲ್ಲ’ ಅಂದೆ. ಹೇಳುತ್ತ ಹೋದ: ಅಲ್ಲಿ ಉಳಿದವರಿಗೆ ಪಾರ್ಕಿನೊಳಗೆ ಹೋಗಲು ಬೇರೆ ಬಾಗಿಲಿದೆಯಂತೆ, ಸಾಲಿನಲ್ಲಿ ನಿಲ್ಲಬೇಕಿಲ್ಲ. ನಡು ಮಧ್ಯಾಹ್ನ ಒದ್ದೆ ಬಟ್ಟೆಯಲ್ಲೇ ರೂಮಿಗೆ ಬಂದು, ಬಟ್ಟೆ ಬದಲಿಸಿ, ಸ್ವಲ್ಪ ಹೊತ್ತು ಮಲಗಿ ಮತ್ತೆ ಹೋಗಬಹುದಂತೆ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆ. ಬಾಡಿಗೆ ಕಡಿಮೆಯೇನಲ್ಲ, ನಾವು ಭರಿಸಲಾರದ್ದೂ ಅಲ್ಲ. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಆರು ಗಂಟೆಯ ಮೇಲೆ ಅಲ್ಲಿ ಏನಿರುತ್ತದೆ ಅಂತ ಕೇಳಿದೆ. ಅವನಿಗೆ ಸಂಕೋಚವಾಯಿತು ಅಂತ ಕಾಣುತ್ತದೆ. ‘ಏನೂ ಇರಲ್ಲ ಮ್ಯಾಮ್. ರೈಡ್ಸ್ ಎಲ್ಲ ನಿಂತಿರುತ್ತೆ. ತುಂಬ ಸೈಲೆಂಟ್ ಆಗಿರುತ್ತೆ. ಬೇಕಾದ್ರೆ ಬಾಲ್ಕನಿಯಲ್ಲಿ ಕೂರಬಹುದು’ ಅಂದ, ಕ್ಷಮೆ ಕೇಳುವ ದನಿಯಲ್ಲಿ.

ಇಷ್ಟರಲ್ಲಿ ಒಂದು ಎಡವಟ್ಟಾಯಿತು. ಶಿವಲೀಲಾಳ ತವರು ಹೊನ್ನಾಳಿ, ಅದೂ ಅತ್ತೆಯವರ ಹಿಂದಿನ ಬೀದಿ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಮೂರನೇ ದಿನಕ್ಕೆ ಅತ್ತೆ ಫೋನ್ ಮಾಡಿದರು. ‘ಅಲ್ಲವ್ವಾ ನೀಲಾ, ಪಾರ್ಕಿಗೆ ಹೊಂಟೀರಂತಲ್ಲ, ನಮ್ಮ ಕಿವಿಗೆ ಹಾಕಾಕೆ ಏನಾಗಿತ್ತು? ನಿನ್ನ ಮೈದುನ ಓಂಕಾರ ಟಿಟಿ ಗಾಡಿ ಮಾತಾಡ್ತಾನೆ. ನ್ಯಾಮತಿಯಿಂದ ದೊಡ್ಡ ಮಗಳೂ ಬರ್ತಾಳಂತೆ ಮಕ್ಕಳನ್ನ ಕರ್ಕಂಡು. ರೊಟ್ಟಿ ಬುತ್ತಿ ನಾ ಕಟ್ತೀನಿ’ ಅಂದರು. ಬುತ್ತಿ ಒಳಗೆ ಬಿಡುವುದಿಲ್ಲ ಅಂದೆ. ‘ಬಿಡದೇನು? ಗೇಟಿನಾಗೆ ನಿಂತು ತಿಂದು ಹೋಗ್ತೀವಿ. ನೀನು ಹೋಟ್ಲು ವಿಚಾರಿಸ್ತಿದ್ದೀಯಂತೆ? ನಮ್ಮ ಆಶಾ ಬೆಂಗಳೂರಾಗೆ ಮನೆ ಮಾಡ್ಕಂಡು ಕುಂತಾಳೆ. ಮಗಳ ಮನೆ ಇಟ್ಕಂಡು ಲಾಡ್ಜಿಗೆ ಹೋದ್ರೆ ನೋಡ್ದೋರು ಏನಂತಾರೆ’ ಅಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಖುಷಿ ಇತ್ತು. ಅದಕ್ಕೇ, ಎಷ್ಟು ಜನ ಆಗುತ್ತೇವೆ ಅಂತ ಮಾತ್ರ ಕೇಳಿದೆ. ರಾತ್ರಿ ಆಶಾಳೇ ಫೋನ್ ಮಾಡಿ, ‘ಏನ್ರಿ ಅತ್ತಿಗೆ, ನಮ್ಮನೆ ಚಿಕ್ಕದಾಯ್ತೇನು ನಿಮಗೆ? ಹಾಲಿನಾಗೆ ಚಾಪೆ ಹಾಸಿದ್ರೆ ಒಂದು ಮದುವೆ ದಿಬ್ಬಣ ಮಲಗುತ್ತೆ’ ಅಂತ ನಕ್ಕಳು. ನಗುವಿನ ಒಳಗೆ ಸ್ವಲ್ಪ ನೋವೂ ಇತ್ತು. ಡಿಸೆಂಬರ್ ಇಪ್ಪತ್ತೆರಡರ ಭಾನುವಾರ ಅಂತ ಟಿಟಿ ಗೊತ್ತುಮಾಡಿದ್ದಾರೆ. ನಾನೂ ಹೂಂ ಅಂದಿದ್ದೇನೆ. ಹೆಂಗಸರು ಹಾಲಿನಲ್ಲಿ, ಗಂಡಸರು ತಾರಸಿಯ ಮೇಲೆ. ನಿಮ್ಮ ತಲೆದಿಂಬು ಯಾವ ಕಡೆ ಅಂತ ಕೇಳುವಷ್ಟೂ ಹತ್ತಿರ ನಾನಿರುವುದಿಲ್ಲ.

ನಾನು ದೂರುತ್ತಿಲ್ಲ. ಅತ್ತೆ ವರ್ಷಪೂರ್ತಿ ನಿಮಗಾಗಿ ಕಾಯುವವರು, ಮೊದಲ ತುತ್ತು ಅವರ ಕೈಯಲ್ಲೇ ಆಗಬೇಕು, ಅದು ನ್ಯಾಯ. ಆದರೆ ಹೋದ ಸಲದ ರಜೆ ಹೇಗೆ ಕಳೆಯಿತು, ನೀವೇ ನೆನೆಸಿಕೊಳ್ಳಿ. ಹೊನ್ನಾಳಿಯಿಂದ ನ್ಯಾಮತಿ, ಅಲ್ಲಿಂದ ನಮ್ಮ ತವರು ಬಸವಾಪಟ್ಟಣ. ಎಲ್ಲ ಕಡೆ ಊಟ ಮಾಡಲೇಬೇಕು, ಬರೀ ಟೀ ಕುಡಿದರೆ ಬಂದ ಲೆಕ್ಕಕ್ಕೇ ಇಲ್ಲ. ಜಗಳೂರಿನಲ್ಲಿ ಮಹೇಶ್ವರಪ್ಪ ಮಾವನ ಮನೆಗೆ ಸಂಜೆ ಹೊತ್ತು ಹೋಗಿ ಬೇಗ ಹೊರಡುತ್ತೇವೆ ಅಂದಾಗ ಅವರು ಬಾಗಿಲಿಗೆ ಅಡ್ಡ ನಿಂತು, ‘ಚಾ ಕುಡ್ದು ಹೋಗಾಕೆ ಇದೇನು ಬಸ್ ಸ್ಟ್ಯಾಂಡೇನೋ ಮಹಾಂತೇಶ’ ಅಂದರಲ್ಲ. ಅವತ್ತು ಅಲ್ಲೇ ಉಳಿದೆವು. ಮರುದಿನ ಹೋಳಿಗೆ ಊಟ ಅಂತ ಇನ್ನೊಂದು ದಿನ. ಕೊನೆಗೆ ಚನ್ನಗಿರಿಯ ನಮ್ಮ ಮನೆಗೆ ಬಂದಾಗ ಉಳಿದದ್ದು ಒಂದು ಮಧ್ಯಾಹ್ನ. ಅಷ್ಟೂ ಹೊತ್ತು ನೀವು ನಿದ್ದೆ ಮಾಡಿದಿರಿ. ದಣಿದಿದ್ದಿರಿ, ಎಬ್ಬಿಸಲು ಮನಸ್ಸು ಬರಲಿಲ್ಲ. ಬ್ಯಾಗಿಗೆ ಬಟ್ಟೆ ತುಂಬುತ್ತ ಕೂತಿದ್ದೆ. ನಿಮ್ಮ ಉಗುರಿನ ಸಂದಿಯ ಗ್ರೀಸು ಅಷ್ಟು ದಿನವಾದರೂ ಹೋಗಿರಲಿಲ್ಲ. ಎದ್ದ ಮೇಲೆ ಮಾತಾಡೋಣ ಅಂದುಕೊಂಡೆ. ಎದ್ದಾಗ ಶಿವಮೊಗ್ಗದ ಬಸ್ಸಿಗೆ ಹೊತ್ತಾಗಿತ್ತು.

ಈ ಸುರಂಗ ಮುಗಿಯುತ್ತ ಬಂದಿದೆ, ಮುಂದಿನದಕ್ಕೆ ಸಹಿ ಹಾಕುತ್ತೀರೋ ಇಲ್ಲವೋ ಜನವರಿಯೊಳಗೆ ಹೇಳಬೇಕಂತೆ ಅಂತ ಅತ್ತೆಯಿಂದ ಗೊತ್ತಾಯಿತು. ನೀವು ಅದನ್ನು ಓಂಕಾರನಿಗೆ ಹೇಳಿದ್ದಿರಂತೆ. ನನಗೆ ಹೇಳಲಿಲ್ಲ ಅಂತ ಮೊದಲು ಬೇಸರವಾಯಿತು. ಆಮೇಲೆ, ಹೇಳಿದ್ದರೆ ನಾನು ಏನು ಉತ್ತರ ಕೊಡುತ್ತಿದ್ದೆ ಅಂತ ನನ್ನನ್ನೇ ಕೇಳಿಕೊಂಡೆ. ಸಾಕು, ಬಂದುಬಿಡಿ ಅನ್ನುವುದು ಎಲ್ಲ ಹೆಂಡತಿಯರೂ ಹೇಳುವ ಮಾತು. ಅದನ್ನು ಈ ಪತ್ರದ ಮೊದಲ ಸಾಲಾಗಿ ಬರೆಯಬೇಕು ಅಂತಲೇ ಕೂತವಳು ನಾನು, ಕೈ ಬರಲಿಲ್ಲ. ನಿಮಗೆ ಸುಳ್ಳು ಹೇಳಬಾರದು. ನನಗೆ ಒಬ್ಬಳೇ ಇರುವುದು ರೂಢಿಯಾಗಿದೆ. ಅಡುಗೆ ಕಟ್ಟೆಗೆ ಒರಗಿ ನಿಂತೇ ಮೊಸರನ್ನ ಉಣ್ಣುತ್ತೇನೆ. ನಡುಮನೆಯ ದೀಪ ಆರಿಸದೆ ಮಲಗುತ್ತೇನೆ. ಸಂಜೆ ಬೀಗ ತೆಗೆಯುವಾಗ ಒಳಗಿನಿಂದ ಯಾವ ಸದ್ದೂ ಬರುವುದಿಲ್ಲ ಅಂತ ಗೊತ್ತಿದ್ದೂ ಒಂದು ಕ್ಷಣ ಕಿವಿಗೊಡುತ್ತೇನೆ, ಅದೂ ರೂಢಿಯೇ. ನೀವು ಬಂದರೆ ದಿನಾ ಸಂಜೆ ಏನು ಮಾತಾಡುತ್ತೇವೆ ನಾವು? ನೀವು ಅಲ್ಲಿ ಎಂಟು ಮಂದಿಯ ಜೊತೆ ಮಲಗಿ ಏಳುವವರು, ನಾನು ಗೋಡೆಯ ಜೊತೆ. ನಮ್ಮ ಮಧ್ಯೆ ಅನಿತಾಳ ಮಾರ್ಕ್ಸು, ಅತ್ತೆಯ ಮಂಡಿನೋವು ಬಿಟ್ಟು ಬೇರೆ ಮಾತು ಉಳಿದಿದೆಯಾ ಅಂತ ನನಗೆ ನಿಜವಾಗಿ ಗೊತ್ತಿಲ್ಲ. ನಿಮಗೆ ಗೊತ್ತಿದೆಯಾ? ಸಹಿ ಹಾಕುವ ಮೊದಲು, ಅಥವಾ ಹಾಕುವುದಿಲ್ಲ ಅನ್ನುವ ಮೊದಲು, ಇಷ್ಟು ನಮಗಿಬ್ಬರಿಗೂ ತಿಳಿಯಬೇಕು ಅಂತ ನನಗೆ ಅನ್ನಿಸುತ್ತದೆ. ಇಪ್ಪತ್ತು ಜನರ ಟಿಟಿಯಲ್ಲಿ ಅದು ತಿಳಿಯುವುದಿಲ್ಲ.

ಇನ್ನು ನೀವು ಕೇಳಿದ ಪ್ರಶ್ನೆಗೆ ಉತ್ತರ. ಮಕ್ಕಳು ಮರಿ ಕಟ್ಟಿಕೊಂಡು ಆಟಕ್ಕೆಂದೇ ಹೋಗುವವರಿಗೆ ಆ ಹೋಟೆಲು ಬೇಡ, ಶಿವಲೀಲಾ ಹೇಳಿದ್ದು ಸರಿ. ದಿನವೆಲ್ಲ ಆಡಿ ಸಂಜೆ ಆಶಾಳ ಮನೆಗೆ ಹೋಗುವುದೇ ಮೇಲು, ಅವಳಿಗೂ ಸಮಾಧಾನ. ಟಿಟಿಯವರ ಜೊತೆ ಹೋದಾಗ ಹಾಗೇ ಮಾಡೋಣ, ರೂಮಿನ ಸುದ್ದಿ ಅಲ್ಲಿ ಎತ್ತುವುದು ಬೇಡ.

ಔಷಧಿ ತಪ್ಪಿಸಬೇಡಿ. ಬಿಸಿನೀರು ಕುಡಿಯಿರಿ. ನಿಮ್ಮ ರೂಮಿನ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ, ಹೋದ ಸಲ ನಾನು ಕಳಿಸಿದ ಶೇಂಗಾ ಚಟ್ನಿಪುಡಿಯನ್ನು ಹೊಗಳಿದ ಆ ಬಿಹಾರದ ಅಣ್ಣನಿಗೆ ವಿಶೇಷವಾಗಿ. ದೇವರು ನಿಮ್ಮನ್ನು ಸುಖವಾಗಿ ಇಟ್ಟಿರಲಿ, ಸುಖವಾಗಿ ಕರೆತರಲಿ.

ಇಂತು ನಿಮ್ಮ
ನೀಲಾಂಬಿಕಾ

ತಾ.ಕ.: ಅಂಚೆಯವರು ಚೀಲ ಕಟ್ಟುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಕಂಪನಿಯವರು ನಿಮ್ಮ ವಿಮಾನದ ಟಿಕೆಟನ್ನು ಎರಡು ದಿನ ಮುಂಚೆಗೆ ಬದಲಿಸಿದ್ದಾರೆ ಅಂತ ನೀವು ಮೊನ್ನೆ ಕಳಿಸಿದ ಮೆಸೇಜನ್ನು ನಾನು ಯಾರಿಗೂ ಹೇಳಿಲ್ಲ. ಹೊನ್ನಾಳಿಯಲ್ಲಿ ಎಲ್ಲರೂ ನೀವು ಮೊದಲು ಹೇಳಿದ ಹಾಗೆ ಶನಿವಾರ, ಹದಿನಾಲ್ಕಕ್ಕೇ ಬರುತ್ತೀರಿ ಅಂದುಕೊಂಡಿದ್ದಾರೆ. ಹನ್ನೆರಡು, ಗುರುವಾರಕ್ಕೆ ಪಾರ್ಕಿನ ಹೋಟೆಲಿನಲ್ಲಿ ಒಂದು ರೂಮು ಹಿಡಿದಿದ್ದೇನೆ. ಇಬ್ಬರಿಗೆ, ಎರಡು ರಾತ್ರಿ. ವಿಮಾನ ಇಳಿದವರು ಮನೆಗೆ ಬರಬೇಡಿ, ನೇರ ಅಲ್ಲಿಗೆ ಬನ್ನಿ, ನಾನು ಮಧ್ಯಾಹ್ನಕ್ಕೇ ಹೋಗಿರುತ್ತೇನೆ. ಶನಿವಾರ ಇಬ್ಬರೂ ಹೊನ್ನಾಳಿಗೆ ಹೋಗಿ ಅತ್ತೆ ಬಡಿಸಿದ್ದನ್ನೆಲ್ಲ ಉಣ್ಣೋಣ. ಇಪ್ಪತ್ತೆರಡಕ್ಕೆ ಟಿಟಿಯಲ್ಲಿ ಹೋದಾಗ ಪಾರ್ಕನ್ನು ಮೊದಲ ಸಲ ನೋಡುವವರ ಹಾಗೆ ನೋಡಬೇಕು, ನಿಮಗೆ ನಗು ತಡೆಯಲು ಬರುವುದಿಲ್ಲ, ಈಗಲೇ ಅಭ್ಯಾಸ ಮಾಡಿಕೊಳ್ಳಿ. ಇದು ತಪ್ಪಿರಬಹುದು. ಅತ್ತೆಗೆ ಮುಚ್ಚಿಟ್ಟು ಹೀಗೆ ಮಾಡುವುದು ನಿಮ್ಮ ಮನಸ್ಸಿಗೆ ಬಾರದಿದ್ದರೆ ಕ್ಯಾಂಟೀನಿನ ಮುಂದೆ ನಿಂತು ಫೋನಿನಲ್ಲಿ ಕಾರಣ ಹೇಳುವುದು ಬೇಡ, ಗುರುವಾರವೇ ಸೀದಾ ಹೊನ್ನಾಳಿಗೆ ಹೋಗಿಬಿಡಿ. ನಾನು ಏನೂ ಅಂದುಕೊಳ್ಳುವುದಿಲ್ಲ. ರೂಮು ಮಾತ್ರ ಬಿಡುವುದಿಲ್ಲ, ಎರಡು ರಾತ್ರಿಯೂ ಅಲ್ಲೇ ಇರುತ್ತೇನೆ. ನೀ.